ದೆವ್ವದ ಸಿನಿಮಾಕ್ಕೆ ಪ್ರೊಜೆಕ್ಟರ್ ಬೇಕಾ, ಥಿಯೇಟರ್ ಬೇಕಾ, ಹಳೇ ಟಿವಿ ಸಾಕಾ?

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯ ಹಳೇ 32 ಇಂಚಿನ ಟಿವಿ, ಅದಕ್ಕೊಂದು ವೈರ್ ಇರುವ ಹೆಡ್‌ಫೋನ್, ಇಷ್ಟಿದ್ದರೆ ದೆವ್ವದ ಸಿನಿಮಾ ನೋಡುವುದಕ್ಕೆ ನನಗೆ ಬೇರೇನೂ ಬೇಡ. ಪ್ರೊಜೆಕ್ಟರ್ ಹಾಕಿ ನೋಡಿದ್ದಾಯಿತು, ಮಲ್ಟಿಪ್ಲೆಕ್ಸಿಗೆ ಹೋಗಿದ್ದಾಯಿತು, ಲೋಕಲ್ ಟ್ರೇನಿನಲ್ಲಿ ಮೊಬೈಲ್ ಹಿಡಿದು ಕೂತಿದ್ದೂ ಆಯಿತು. ಒಂದೊಂದರಲ್ಲೂ ಒಂದೊಂದು ಸುಖ ಇದೆ. ಆದರೆ ತಿಂಗಳು ಪೂರ್ತಿ ರಾತ್ರಿ ಹೊತ್ತು ನೋಡಿ, ಮರುದಿನ ಅದರ ಬಗ್ಗೆ ಬರೆಯಬೇಕು ಅಂತಿದ್ದರೆ ಟಿವಿಯನ್ನು ಮೀರಿಸಿದ್ದು ನನಗೆ ಸಿಕ್ಕಿಲ್ಲ.

ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ, ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ. ಅಕ್ಟೋಬರ್ ಬಂದರೆ ಬಾಂದ್ರಾದ ಕೆಫೆಗಳಲ್ಲಿ ಕುಂಬಳಕಾಯಿಗೆ ಕಣ್ಣು, ಬಾಯಿ ಬಿಡಿಸಿ ಇಡುತ್ತಾರೆ, 31ನೇ ತಾರೀಖು ಹ್ಯಾಲೋವೀನ್ ಪಾರ್ಟಿ ಇರುತ್ತದೆ. ನಮ್ಮ ಕಡೆ ಅದೆಲ್ಲ ಇಲ್ಲ. ನವರಾತ್ರಿ, ಗರ್ಬಾ, ಕೆಲವು ವರ್ಷ ದೀಪಾವಳಿಯೂ ಅದೇ ತಿಂಗಳಲ್ಲಿ. ಈ ಗದ್ದಲದ ನಡುವೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ಹಾರರ್ ಸಿನಿಮಾ ನೋಡುತ್ತೇನೆ. ಮರುದಿನ ಬೆಳಿಗ್ಗೆ ಟ್ರೇನಿನಲ್ಲಿ ಅದರ ಬಗ್ಗೆ ಒಂದಿಷ್ಟು ಬರೆದು ಗೆಳತಿಯರ ಗುಂಪಿಗೆ ಕಳಿಸುತ್ತೇನೆ. ವರ್ಷಗಳಿಂದ ನಡೆದುಬಂದ ರೂಢಿ ಇದು. ಅತ್ತೆಯದು ಒಂದೇ ಷರತ್ತು. "ಪಿತೃಪಕ್ಷ ಒಂದು ಕಳೀಲಿ ಮಾರಾಯ್ತಿ, ಆಮೇಲೆ ಯಾವ ದೆವ್ವ ಬೇಕಾದ್ರೂ ನೋಡು" ಅಂತಾರೆ. ಹಾಗಾಗಿ ಮಹಾಲಯ ಅಮಾವಾಸ್ಯೆ ಮುಗಿಯುವ ತನಕ ನಾನು ಟಿವಿ ಮುಟ್ಟುವುದಿಲ್ಲ.

ಹೋದ ವರ್ಷ ಪುಣೆಯಿಂದ ತಮ್ಮ ಬಂದವನು ತಾನು ಹಬ್ಬದ ಸೇಲ್‌ನಲ್ಲಿ ಕೊಂಡ ಪ್ರೊಜೆಕ್ಟರನ್ನು ನಮ್ಮಲ್ಲೇ ಬಿಟ್ಟುಹೋದ. "ಅಕ್ಕಾ, ಹಾರರ್ ಅಂದ್ರೆ ದೊಡ್ಡ ಪರದೆಯಲ್ಲೇ ನೋಡಬೇಕು. ಈ ತಿಂಗಳು ನೀನೇ ಇಟ್ಕೋ" ಅಂದ. ಈ ಹೋಲಿಕೆ ಶುರುವಾದದ್ದೇ ಅಲ್ಲಿಂದ.

ಹಾರರ್ ಸಿನಿಮಾದಲ್ಲಿ ನಾನು ನೋಡುವುದು ಎರಡೇ: ಕತ್ತಲೆ ಕತ್ತಲೆಯಾಗಿ ಕಾಣುತ್ತದಾ, ಸಣ್ಣ ಸದ್ದು ಸಣ್ಣದಾಗಿಯೇ ಕೇಳುತ್ತದಾ. ಪರದೆ ಎಷ್ಟು ದೊಡ್ಡದು ಅನ್ನುವುದು ಆಮೇಲಿನ ಮಾತು.

ಕತ್ತಲೆಗೆ ನನ್ನ ಪರೀಕ್ಷೆ 1978ರ 'ಹ್ಯಾಲೋವೀನ್'. ಜಾನ್ ಕಾರ್ಪೆಂಟರ್ ತೀರಾ ಕಡಿಮೆ ದುಡ್ಡಿನಲ್ಲಿ ತೆಗೆದದ್ದು, ಸಂಗೀತವೂ ಅವರದೇ. ಕೊನೆಯ ಭಾಗದಲ್ಲಿ ನಾಯಕಿ ಲಾರಿ ಅಳುತ್ತಾ ಒಂದು ಬಾಗಿಲ ಪಕ್ಕ ಗೋಡೆಗೆ ಒರಗಿ ನಿಲ್ಲುತ್ತಾಳೆ. ಬಾಗಿಲಾಚೆ ಕೋಣೆಯಲ್ಲಿ ಬರೀ ಕಪ್ಪು. ಆ ಕಪ್ಪಿನೊಳಗಿಂದ ಕೊಲೆಗಾರನ ಬಿಳಿ ಮುಖವಾಡ ನಿಧಾನಕ್ಕೆ ಮೇಲೇಳುತ್ತದೆ. ಅವನು ಹೆಜ್ಜೆ ಇಟ್ಟು ಬರುವುದಿಲ್ಲ, ಮೊದಲಿಂದ ಅಲ್ಲೇ ನಿಂತಿರುತ್ತಾನೆ. ಕ್ಯಾಮೆರಾಮನ್ ಡೀನ್ ಕಂಡಿ ಮುಖವಾಡದ ಮೇಲೆ ಬೆಳಕನ್ನು ಸ್ವಲ್ಪಸ್ವಲ್ಪವೇ ಏರಿಸಿದ್ದಾರೆ, ಅಷ್ಟೇ. ನಿಮ್ಮ ಕಣ್ಣು ಕತ್ತಲೆಗೆ ಹೊಂದಿಕೊಂಡು ತಾನಾಗೇ ಅವನನ್ನು ಕಂಡುಹಿಡಿದ ಹಾಗೆ ಅನಿಸುತ್ತದೆ. ಅದೆಷ್ಟು ಸಲ ನೋಡಿದರೂ ನನಗೆ ಆ ಜಾಗದಲ್ಲಿ ಬೆನ್ನು ತಣ್ಣಗಾಗುತ್ತದೆ.

ಪ್ರೊಜೆಕ್ಟರಿನಲ್ಲಿ ಅದು ಆಗಲಿಲ್ಲ. ಬಾಗಿಲು ಬೂದುಬಣ್ಣ, ಗೋಡೆ ಬೂದುಬಣ್ಣ, ಮುಖವಾಡವೂ ಇನ್ನೊಂದು ಬೂದುಬಣ್ಣ. ಯಾವುದು ಯಾವುದರಿಂದ ಹೊರಗೆ ಬರಬೇಕು?

ಕಾರಣ ಸರಳ. ಪ್ರೊಜೆಕ್ಟರ್ ಬೆಳಕನ್ನು ಚೆಲ್ಲಬಲ್ಲದು, ಕತ್ತಲೆಯನ್ನು ಚೆಲ್ಲಲಾರದು. ಚಿತ್ರದಲ್ಲಿ ಕಪ್ಪು ಇರುವ ಕಡೆ ಅದು ಬೆಳಕು ಬಿಡದೆ ಸುಮ್ನೆ ಇರಬೇಕು, ಆಗ ಗೋಡೆ ಎಷ್ಟು ಕಪ್ಪಗಿದೆಯೋ ಅಷ್ಟೇ ಕಪ್ಪು ನಮಗೆ ಸಿಗುವುದು. ಅಗ್ಗದ ಪ್ರೊಜೆಕ್ಟರ್‌ಗಳು ಸುಮ್ಮನೂ ಇರುವುದಿಲ್ಲ. ಕಪ್ಪಿನ ಜಾಗದಲ್ಲೂ ಸ್ವಲ್ಪ ಬೆಳಕು ಸೋರುತ್ತಲೇ ಇರುತ್ತದೆ. ಸಿನಿಮಾ ಶುರುವಾಗುವ ಮೊದಲು ಪರದೆ ಖಾಲಿ ಇದ್ದಾಗ ನೋಡಿ, ಗೋಡೆ ಮೇಲೆ ಮಂಕಾದ ಒಂದು ಚೌಕ ಎದ್ದು ಕಾಣುತ್ತದೆ. ಕ್ರಿಕೆಟ್‌ಗೆ, ಮಕ್ಕಳ ಕಾರ್ಟೂನ್‌ಗೆ ಇದರಿಂದ ಏನೂ ತೊಂದರೆ ಇಲ್ಲ. ಅರ್ಧ ಸಿನಿಮಾ ಕತ್ತಲಲ್ಲೇ ನಡೆಯುವಾಗ ಇದೇ ದೊಡ್ಡ ಕಾಟ.

ಇನ್ನು ಗೋಡೆಯನ್ನಾದರೂ ಕಪ್ಪಗೆ ಇಡೋಣ ಅಂದರೆ, ಮುಂಬೈ ಕಡೆಯ ಫ್ಲ್ಯಾಟಿನಲ್ಲಿ ಅದು ಎಲ್ಲಿ ಸಾಧ್ಯ? ನಮ್ಮ ಹಾಲ್‌ನ ಕಿಟಕಿಗೆ ಸರಿಯಾಗಿ ಬೀದಿಯ ಎಲ್‌ಇಡಿ ದೀಪ ಇದೆ. ಎದುರು ಬಿಲ್ಡಿಂಗಿನ ಗ್ಯಾಲರಿಯಲ್ಲಿ ದೀಪಾವಳಿಯ ಆಕಾಶಬುಟ್ಟಿ, ಅದರ ಸುತ್ತ ಮಿಣುಕುವ ಬಣ್ಣದ ಸರ. ಹಸಿರು, ಗುಲಾಬಿ, ಮತ್ತೆ ಹಸಿರು. ಲಾರಿ ಬಾಗಿಲ ಪಕ್ಕ ನಿಂತಾಗ ಅವಳ ಹಿಂದಿನ ಕತ್ತಲೆ ಗುಲಾಬಿಯಾಯಿತು. ನನಗೆ ಅಳು ಬರುವುದೊಂದು ಬಾಕಿ.

ದಪ್ಪ ಪರದೆ ಹಾಕಿ ಕಿಟಕಿ ಮುಚ್ಚಿದೆ. ಮಳೆ ಹೋಗಿ ಚಳಿ ಇನ್ನೂ ಬಾರದ ಅಕ್ಟೋಬರ್‌ನ ಸೆಕೆ ಎಂಥದ್ದು ಅಂತ ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಹಾಲ್‌ನಲ್ಲಿ ಏಸಿ ಇಲ್ಲ. ಫ್ಯಾನ್ ಜೋರಾಗಿ ಹಾಕಿದರೆ ಗೋಡೆಗೆ ಕಟ್ಟಿದ ಬಿಳಿ ಬೆಡ್‌ಶೀಟ್ ಅಲೆಯಂತೆ ಏಳುತ್ತಿತ್ತು, ಎಲ್ಲರ ಮುಖವೂ ಸೊಟ್ಟ. ಬೆಡ್‌ಶೀಟ್ ತೆಗೆದು ಬರಿಯ ಗೋಡೆಗೆ ಬಿಟ್ಟರೆ ಬಣ್ಣ ಹೊಡೆದಾಗಿನ ಉಬ್ಬುತಗ್ಗು, ಹಳೇ ಕ್ಯಾಲೆಂಡರ್ ಮೊಳೆ ಎಲ್ಲ ಕಾಣುತ್ತವೆ. ಮೊಳೆ ಕಿತ್ತೆ, ಆ ತೂತಿನ ಗುರುತು ಸರಿಯಾಗಿ ಚಿತ್ರದ ನಡುವೆ ಬಂತು.

ಇದರ ಮೇಲೆ ಸದ್ದು. ಪ್ರೊಜೆಕ್ಟರಿನ ಒಳಗೊಂದು ಫ್ಯಾನ್ ಇರುತ್ತದೆ, ದೀಪದ ಬಿಸಿಗೆ ಅದು ತಿರುಗಲೇಬೇಕು. ಸಣ್ಣ ಹಾಲ್‌ನಲ್ಲಿ ಪ್ರೊಜೆಕ್ಟರ್ ಇಡುವ ಜಾಗ ಅಂದರೆ ನಮ್ಮ ತಲೆಯ ಹಿಂದೆಯೇ. 2018ರ 'ಎ ಕ್ವೈಟ್ ಪ್ಲೇಸ್' ಹಾಕಿದೆ. ಸದ್ದು ಮಾಡಿದವರನ್ನು ಕೊಲ್ಲುವ ಪ್ರಾಣಿಗಳ ಕಥೆ. ಕಿವಿ ಕೇಳದ ಮಗಳ ಪಾತ್ರವನ್ನು ನಿಜವಾಗಿಯೂ ಕಿವಿ ಕೇಳದ ಮಿಲಿಸೆಂಟ್ ಸಿಮಂಡ್ಸ್ ಮಾಡಿದ್ದಾಳೆ. ಕಥೆಯನ್ನು ಅವಳ ಕಡೆಯಿಂದ ತೋರಿಸುವಾಗ ನಮಗೂ ಸದ್ದು ನಿಂತುಹೋಗುತ್ತದೆ. ಸಿನಿಮಾದ ಜೀವವೇ ಆ ನಿಶ್ಶಬ್ದ. ನನಗೆ ಅಲ್ಲಿ ಕೇಳಿಸಿದ್ದು ತಲೆಯ ಹಿಂದಿನ ಗುರ್‌ರ್ ಅನ್ನುವ ಫ್ಯಾನ್. ಅರ್ಧಕ್ಕೆ ನಿಲ್ಲಿಸಿ, ಅದೇ ಸಿನಿಮಾವನ್ನು ಟಿವಿಗೆ ಹಾಕಿ, ಹೆಡ್‌ಫೋನ್ ಏರಿಸಿ ಮತ್ತೆ ಮೊದಲಿಂದ ನೋಡಿದೆ. ಮರಳು ಹಾಸಿದ ದಾರಿಯಲ್ಲಿ ಬರಿಗಾಲು ಇಡುವ ಸದ್ದೂ ಬೇರೆಯಾಗಿ ಕೇಳಿತು. ನನ್ನ ಮಟ್ಟಿಗೆ ಪ್ರೊಜೆಕ್ಟರಿನ ತೀರ್ಮಾನ ಅವತ್ತೇ ಆಗಿಹೋಯಿತು.

ಹಾಗಂತ ನನ್ನ ಟಿವಿಯ ಕಪ್ಪು ಪೂರ್ತಿ ಕಪ್ಪು ಅಂತಲ್ಲ. ಒಎಲ್‌ಇಡಿ ಟಿವಿಯಲ್ಲಿ ಒಂದೊಂದು ಚುಕ್ಕಿಯೂ ತಾನೇ ಆರಿಹೋಗುತ್ತದೆ, ಅದರ ಕಪ್ಪೇ ಬೇರೆ. ಅದರ ಬೆಲೆಯೂ ಬೇರೆ, ನಮ್ಮ ಲೆಕ್ಕಕ್ಕೆ ಸಿಗುವುದಲ್ಲ.

ಮಲ್ಟಿಪ್ಲೆಕ್ಸ್ ವಿಷಯಕ್ಕೆ ಬರೋಣ. ಕತ್ತಲೆ, ಸದ್ದು ಎರಡೂ ಅಲ್ಲಿ ಚೆನ್ನಾಗಿರುತ್ತವೆ. ನನಗೆ ಆಗದಿರುವುದು ಇಂಟರ್‌ವಲ್. ನಮ್ಮ ಸಿನಿಮಾಗಳಲ್ಲಿ ಇಂಟರ್‌ವಲ್‌ಗೆ ಜಾಗ ಮಾಡಿಟ್ಟೇ ಕಥೆ ಬರೆದಿರುತ್ತಾರೆ. ಇಂಗ್ಲಿಷ್ ಹಾರರ್ ಹಾಗಲ್ಲ. ಹೆದರಿಕೆಯನ್ನು ಒಂದರ ಮೇಲೊಂದು ಪೇರಿಸಿಕೊಂಡು ಹೋಗುತ್ತಿರುತ್ತಾರೆ, ಮಧ್ಯೆ ಥಿಯೇಟರಿನವರು ಕಡಿದುಹಾಕುತ್ತಾರೆ. ಹುಡುಗಿ ನೆಲಮಾಳಿಗೆಯ ಮೆಟ್ಟಿಲು ಇಳಿಯುತ್ತಿದ್ದಾಳೆ, ತಟ್ಟನೆ ಲೈಟು, ಸಮೋಸಾ ಜಾಹೀರಾತು. 1960ರಲ್ಲಿ 'ಸೈಕೋ' ಬಂದಾಗ ಅದರ ನಿರ್ದೇಶಕ ಹಿಚ್‌ಕಾಕ್, ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬೇಡಿ ಅಂತ ಹಟ ಹಿಡಿದಿದ್ದರು. ಥಿಯೇಟರುಗಳೂ ಅದನ್ನು ಪಾಲಿಸಿದವು. ಹೆದರಿಕೆ ತುಂಡಾಗಬಾರದು ಅನ್ನುವುದು ಅಷ್ಟು ಮುಖ್ಯ.

ನೈಟ್ ಶೋ ಮುಗಿಸಿ ಕೊನೆಯ ಲೋಕಲ್ ಹಿಡಿಯಬೇಕಾದ ಗಡಿಬಿಡಿ ಬೇರೆ. ಕ್ಲೈಮ್ಯಾಕ್ಸ್ ಹೊತ್ತಿಗೆ ಕಣ್ಣು ಪರದೆ ಮೇಲೆ, ಮನಸ್ಸು ಪ್ಲಾಟ್‌ಫಾರ್ಮ್ ಮೇಲೆ. ಟಿಕೆಟ್ಟು, ಪಾಪ್‌ಕಾರ್ನು, ರಿಕ್ಷಾ ಎಲ್ಲ ಸೇರಿ ಒಂದು ರಾತ್ರಿಗೆ ಹೋಗುವ ದುಡ್ಡಿನಲ್ಲಿ ಮನೆಯಲ್ಲಿ ತಿಂಗಳಿಡೀ ಸಿನಿಮಾ ನೋಡಬಹುದು.

ಆದರೂ ಥಿಯೇಟರನ್ನು ಪೂರ್ತಿ ಬಿಡಲು ಮನಸ್ಸಿಲ್ಲ. 'ತುಂಬಾಡ್' 2018ರ ಅಕ್ಟೋಬರ್‌ನಲ್ಲಿ ಬಂದಾಗ ಜನ ಅಷ್ಟಾಗಿ ಹೋಗಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಮತ್ತೆ ಬಿಡುಗಡೆಯಾದಾಗ ಮೊದಲ ಸಲಕ್ಕಿಂತ ಜಾಸ್ತಿ ದುಡ್ಡು ಮಾಡಿತು. ನಾನು ಮೊದಲು ಟಿವಿಯಲ್ಲಿ ನೋಡಿದ್ದೆ, ಆಮೇಲೆ ಥಿಯೇಟರಿನಲ್ಲಿ. ಆ ಸಿನಿಮಾದಲ್ಲಿ ಬಿಡದೆ ಸುರಿಯುವ ಕೊಂಕಣದ ಮಳೆ ಇದೆಯಲ್ಲ, ಅದು ನಾಲ್ಕೂ ಕಡೆಯಿಂದ ಸುತ್ತಿಕೊಂಡಿದ್ದು ಥಿಯೇಟರಿನಲ್ಲೇ. ಕಂದೀಲು ಹಿಡಿದು ಕೆಳಗೆ ಇಳಿಯುವಾಗ, ಹಿಟ್ಟಿನ ಗೆರೆ ಎಳೆದು ಅದರೊಳಗೆ ಉಸಿರು ಬಿಗಿಹಿಡಿದು ಕೂರುವಾಗ, ಹಾಲ್‌ನಲ್ಲಿ ಯಾರೂ ಕೆಮ್ಮಲಿಲ್ಲ. ಅಂಥ ಸಿನಿಮಾ ಥಿಯೇಟರಿಗೆ ಬಂದರೆ ಯೋಚನೆ ಮಾಡದೆ ಹೋಗಿ.

ಹಾರರ್ ಕಾಮಿಡಿಗೂ ಥಿಯೇಟರೇ ಸರಿ. ನಗುವುದಕ್ಕೆ, ಕಿರುಚುವುದಕ್ಕೆ ಪಕ್ಕದಲ್ಲಿ ಜನ ಬೇಕು. 'ಸ್ತ್ರೀ' ಸಿನಿಮಾದಲ್ಲಿ ಊರಿನ ಗೋಡೆಗಳ ಮೇಲೆ ನಾಳೆ ಬಾ ಅಂತ ಬರೆಯುವುದನ್ನು ನೋಡಿದಾಗ, ತೊಂಬತ್ತರ ದಶಕದಲ್ಲಿ ನಮ್ಮ ಕರ್ನಾಟಕದ ಮನೆ ಬಾಗಿಲುಗಳ ಮೇಲೆ ಕಂಡ ಸುಣ್ಣದ ಅಕ್ಷರಗಳೇ ಕಣ್ಮುಂದೆ ಬಂದವು. ನನ್ನ ಪಕ್ಕ ಕೂತಿದ್ದ ಗೆಳತಿ ಹುಬ್ಬಳ್ಳಿಯವಳು. ಇಬ್ಬರೂ ಒಟ್ಟಿಗೇ "ನಾಳೆ ಬಾ!" ಅಂದೆವು. ಅದರ ಖುಷಿ ಹೆಡ್‌ಫೋನ್ ಹಾಕಿಕೊಂಡು ಒಬ್ಬಳೇ ಕೂತರೆ ಎಲ್ಲಿ ಬರಬೇಕು?

ಮೊಬೈಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳಿಗ್ಗೆಯ ಟ್ರೇನಿನಲ್ಲಿ ಬಿಸಿಲು ಪರದೆ ಮೇಲೆ ಬಿದ್ದಾಗ ನಮ್ಮ ಮುಖವೇ ಅದರಲ್ಲಿ ಕಾಣುತ್ತದೆ. ಹಳೆಯ ಕನ್ನಡ ಸಿನಿಮಾಗಳಿಗೆ ಮಾತ್ರ ನಡೆಯುತ್ತದೆ. 1979ರ 'ನಾ ನಿನ್ನ ಬಿಡಲಾರೆ'ಯನ್ನು ಹಾಗೇ ಕಂತು ಕಂತಾಗಿ ಮತ್ತೆ ನೋಡಿದೆ. ನಾನು ನೋಡಿದ ಪ್ರಿಂಟ್ ಮೊದಲೇ ಮಾಸಿಹೋಗಿತ್ತು, ದೊಡ್ಡದು ಮಾಡಿದರೆ ಇನ್ನೂ ಮಾಸುತ್ತದೆ. ಅನಂತನಾಗ್, ಲಕ್ಷ್ಮಿ ಇಬ್ಬರ ಅಭಿನಯಕ್ಕೆ ಮಾತ್ರ ಮಾಸಲು ಹಿಡಿದಿಲ್ಲ.

ಈಗ ಹೆಡ್‌ಫೋನ್. ಮನೆಯಲ್ಲಿ ಒಂದು ಬ್ಲೂಟೂತ್ ಹೆಡ್‌ಫೋನ್ ಮೊದಲೇ ಇತ್ತು. ಹಾಡಿಗೆ, ಫೋನಿಗೆ ಬಲು ಚೆನ್ನ. ಹಾರರ್‌ಗೆ ಆಗಲಿಲ್ಲ. ಬ್ಲೂಟೂತಿನಲ್ಲಿ ಸದ್ದು ಟಿವಿಯಿಂದ ಕಿವಿಗೆ ಬರುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ, ಕೆಲವು ಸಲ ಅದಕ್ಕೂ ಜಾಸ್ತಿ ಹಿಂದೆ ಬೀಳುತ್ತದೆ. ಮಾತಿನ ದೃಶ್ಯದಲ್ಲಿ ಹೇಗೋ ನಡೆದುಹೋಗುತ್ತದೆ. ಬಾಗಿಲು ದಢಾರನೆ ಬಡಿಯುವ ಕಡೆ ಬಾಗಿಲು ಮೊದಲು ಬಡಿಯಿತು, ದಢಾರ್ ಆಮೇಲೆ ಬಂತು. ನಾನು ಬೆಚ್ಚಿಬೀಳಬೇಕಾದ ಗಳಿಗೆ ಎರಡು ತುಂಡಾಗಿ ಎರಡೂ ಸಪ್ಪೆ. ಟಿವಿಯ ಸೆಟ್ಟಿಂಗಿನಲ್ಲಿ ಸದ್ದನ್ನು ಹೊಂದಿಸುವ ಆಯ್ಕೆ ಇದೆ. ನನ್ನ ಟಿವಿಯಲ್ಲಿ ಅದರಿಂದ ಸದ್ದನ್ನು ಇನ್ನೂ ತಡ ಮಾಡಬಹುದು, ಮುಂದಕ್ಕೆ ತರಲಾಗುವುದಿಲ್ಲ.

ಹಾಗಾಗಿ ವೈರ್. ಮುಂಬೈಯಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿಗೆ ಹೋಗಿ, ಕಿವಿಯನ್ನು ಪೂರ್ತಿ ಮುಚ್ಚುವ ಒಂದು ಹೆಡ್‌ಫೋನನ್ನು ಮೂರು ಸಾವಿರದೊಳಗೆ ತಂದೆ. ಅಲ್ಲೇ ಪಕ್ಕದ ಅಂಗಡಿಯಲ್ಲಿ ಉದ್ದದ ಎಕ್ಸ್‌ಟೆನ್ಷನ್ ವೈರೂ ಸಿಕ್ಕಿತು. ಅಂಗಡಿಯವರು ನನ್ನ ಫೋನಿಗೆ ಸಿಕ್ಕಿಸಿ, ಪಿನ್ ತಿರುಗಿಸಿದಾಗ ಕರಕರ ಅನ್ನುತ್ತದಾ ಅಂತ ಕೇಳಿಸಿಯೇ ಕೊಟ್ಟರು. ನಮ್ಮ ಟಿವಿ ಹಳೆಯದಾದ್ದರಿಂದ ಹಿಂದುಗಡೆ ಹೆಡ್‌ಫೋನ್ ತೂತು ಇದೆ. ಈಗಿನ ಎಷ್ಟೋ ಟಿವಿಗಳಲ್ಲಿ ಅದು ಇರುವುದೇ ಇಲ್ಲ, ಕೊಳ್ಳುವ ಮುಂಚೆ ನೋಡಿಕೊಳ್ಳಿ.

ಇದರಿಂದ ಆದ ದೊಡ್ಡ ಲಾಭ ಅಕ್ಟೋಬರ್‌ನ ಗದ್ದಲಕ್ಕೆ ಸಂಬಂಧಿಸಿದ್ದು. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಲೌಡ್‌ಸ್ಪೀಕರ್ ಹಾಕಬಾರದು ಅಂತ ಕಾನೂನಿದೆ. ಆದರೆ ಹಬ್ಬದ ಕೆಲವು ದಿನಗಳಿಗೆ ಸರ್ಕಾರ 12ರ ತನಕ ಅನುಮತಿ ಕೊಡಬಹುದು. ಆ ದಿನಗಳಲ್ಲಿ ಕೆಳಗೆ ಗರ್ಬಾ, ಮೇಲೆ ನನ್ನ ದೆವ್ವ. ಕಿವಿ ಮುಚ್ಚುವ ಹೆಡ್‌ಫೋನ್ ಇದ್ದರೆ ಗರ್ಬಾ ದೂರದ ಗುನುಗಾಗುತ್ತದೆ. ನನ್ನ ಕಿರುಚಾಟದ ಸಿನಿಮಾದಿಂದ ಒಳಗೆ ಮಲಗಿರುವ ಅತ್ತೆಗೂ, ಮಗಳಿಗೂ ತೊಂದರೆ ಇಲ್ಲ.

ಸದ್ದಿಗಾಗಿಯೇ ನೋಡಬೇಕಾದ ಸಿನಿಮಾ ಒಂದು ಹೇಳಿ ಅಂದರೆ 2003ರ 'ಭೂತ್' ಅನ್ನುತ್ತೇನೆ. ಮುಂಬೈಯ ಎತ್ತರದ ಬಿಲ್ಡಿಂಗಿನ ಒಂದು ಫ್ಲ್ಯಾಟಿನಲ್ಲಿ ನಡೆಯುವ ಕಥೆ. ರಾಮ್ ಗೋಪಾಲ್ ವರ್ಮಾ ಅದರಲ್ಲಿ ಒಂದು ಹಾಡೂ ಇಟ್ಟಿಲ್ಲ. ಊರಿನ ಪಾಳುಬಂಗಲೆಗೆ ಹೋಗಬೇಕಾಗಿಲ್ಲ, ನಾವು ದಿನಾ ಹತ್ತಿ ಇಳಿಯುವ ಲಿಫ್ಟು, ನಾವು ದಿನಾ ನೋಡುವ ವಾಚ್‌ಮನ್, ಇವರ ನಡುವೆಯೇ ಹೆದರಿಕೆ. ಊರ್ಮಿಳಾ ಮಾತೋಂಡ್ಕರ್ ದೆವ್ವ ಹಿಡಿದ ಹೆಂಡತಿಯ ಪಾತ್ರದಲ್ಲಿ ಎಷ್ಟು ಚೆನ್ನಾಗಿ ಮಾಡಿದ್ದಾಳೆ ಅಂದರೆ, ಮರುದಿನ ನನಗೆ ಬರೆಯಲು ಬೇರೆ ವಿಷಯವೇ ಹೊಳೆಯಲಿಲ್ಲ. ಫ್ಲ್ಯಾಟಿನಲ್ಲಿರುವವರು ಇದನ್ನು ಫ್ಲ್ಯಾಟಿನಲ್ಲೇ ಕೂತು, ಹೆಡ್‌ಫೋನ್ ಹಾಕಿಯೇ ನೋಡಬೇಕು.

ಟಿವಿಯಲ್ಲೂ ಒಂದಿಷ್ಟು ಕೆಲಸ ಇದೆ. ಪಿಕ್ಚರ್ ಮೋಡನ್ನು ಸಿನಿಮಾಗೆ ಇಡಿ. ಕರೆಂಟ್ ಉಳಿಸುವ ಆಯ್ಕೆಯನ್ನು ಆಫ್ ಮಾಡಿ, ಇಲ್ಲದಿದ್ದರೆ ಕತ್ತಲ ದೃಶ್ಯದಲ್ಲಿ ಟಿವಿ ತಾನೇ ಮಂಕಾಗುತ್ತದೆ. ಚಿತ್ರದ ಚಲನೆಯನ್ನು ನಯ ಮಾಡುವ (ಮೋಷನ್ ಸ್ಮೂದಿಂಗ್) ಆಯ್ಕೆಯನ್ನೂ ಆಫ್ ಮಾಡಿ, ಅದಿದ್ದರೆ ಎಲ್ಲ ಸಿನಿಮಾವೂ ಸಂಜೆಯ ಧಾರಾವಾಹಿಯಂತೆ ಕಾಣುತ್ತದೆ. ನೆಟ್ ನಿಧಾನ ಇದ್ದಾಗ ಮೊದಲು ಕೆಡುವುದು ಕತ್ತಲೆಯೇ. ಡೇಟಾ ಉಳಿಸಲು ಚಿತ್ರವನ್ನು ಹಿಂಡುವಾಗ ಕಪ್ಪು ಭಾಗದ ಸೂಕ್ಷ್ಮಗಳನ್ನೇ ಮೊದಲು ಬಿಟ್ಟುಬಿಡುತ್ತಾರೆ, ಆಗ ಕತ್ತಲೆ ಚೌಕ ಚೌಕವಾಗಿ ಒಡೆಯುತ್ತದೆ. ಇಡೀ ಬಿಲ್ಡಿಂಗು ನೆಟ್ ಬಳಸುವ ರಾತ್ರಿ ಒಂಬತ್ತಕ್ಕಿಂತ ಹನ್ನೊಂದಕ್ಕೆ ನಮ್ಮಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ.

ಸಬ್‌ಟೈಟಲ್ ಆರಿಸುವಾಗ ಕಿವಿ ಕೇಳದವರಿಗಾಗಿ ಮಾಡಿದ್ದನ್ನು ಆರಿಸಬೇಡಿ. ಅದರಲ್ಲಿ ಸದ್ದುಗಳನ್ನೂ ಬರೆದಿರುತ್ತಾರೆ, ಅವರಿಗೆ ಅದು ಬೇಕೇ ಬೇಕು. ನಮಗೆ ಮಾತ್ರ "ಹಿಂದೆ ಹೆಜ್ಜೆ ಸದ್ದು" ಅಂತ ಅಕ್ಷರದಲ್ಲಿ ಮೊದಲೇ ಗೊತ್ತಾಗಿಬಿಡುತ್ತದೆ. 1998ರ ಜಪಾನಿ ಸಿನಿಮಾ 'ರಿಂಗು' ನೋಡುವಾಗ ನನಗೆ ಹೀಗಾಯಿತು. ಆ ಸಿನಿಮಾದ ತುಂಬ ಇರುವುದೇ ಕಾಯಿಸುವ ಮೌನ, ಅದನ್ನು ಮುಂಚೆಯೇ ಓದಿ ತಿಳಿದುಕೊಂಡರೆ ಕಾಯುವುದೇನು ಉಳಿಯಿತು.

ಬರೆಯುವ ಲೆಕ್ಕದಲ್ಲಂತೂ ಟಿವಿಗೆ ಸಾಟಿ ಇಲ್ಲ. ಹೆದರಿಸಿದ ದೃಶ್ಯವನ್ನು ನಿಲ್ಲಿಸಿ, ಹಿಂದೆ ಹೋಗಿ, ಹೇಗೆ ಹೆದರಿಸಿದರು ಅಂತ ನೋಡಬಹುದು. ಮೊದಲ ಸಲ ನಿಲ್ಲಿಸಬಾರದು ಅನ್ನುವುದು ನನ್ನ ನಿಯಮ. ಪೂರ್ತಿ ಮುಗಿದ ಮೇಲೆ ಒಂದೋ ಎರಡೋ ದೃಶ್ಯಕ್ಕೆ ಹಿಂದೆ ಹೋಗುತ್ತೇನೆ. ವಿಮರ್ಶೆಯನ್ನು ರಾತ್ರಿಯೇ ಬರೆಯುವುದಿಲ್ಲ. ರಾತ್ರಿ ಎಲ್ಲ ಸಿನಿಮಾವೂ ಹೆದರಿಸುತ್ತದೆ. ಬೆಳಿಗ್ಗೆ ಲೇಡೀಸ್ ಡಬ್ಬಿಯಲ್ಲಿ ಅಷ್ಟು ಜನರ ನಡುವೆ ನಿಂತಿರುವಾಗಲೂ ಯಾವ ದೃಶ್ಯ ಮನಸ್ಸಿಗೆ ಬರುತ್ತದೋ ಅದರ ಬಗ್ಗೆ ಬರೆಯುತ್ತೇನೆ. ಕಥೆ ಹೇಳುವುದಿಲ್ಲ, ನಕ್ಷತ್ರ ಕೊಡುವುದಿಲ್ಲ. ಯಾವುದು ಹೆದರಿಸಿತು, ಯಾಕೆ ಹೆದರಿಸಿತು, ಮಕ್ಕಳಿದ್ದಾಗ ಹಾಕಬಹುದಾ, ಇಷ್ಟೇ. ರಕ್ತ ಜಾಸ್ತಿ ಇದ್ದರೆ ಮೊದಲ ಸಾಲಿನಲ್ಲೇ ಹೇಳುತ್ತೇನೆ. ಗುಂಪಿನಲ್ಲಿ ಅದನ್ನು ತಡೆಯಲಾಗದವರೂ ಇದ್ದಾರೆ.

ದುಡ್ಡೇ ಹಾಕಬಾರದು ಅಂದರೂ ಅಕ್ಟೋಬರ್ ಕಳೆಯಬಹುದು. 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಸಿನಿಮಾದ ಹೆಸರು ಕೊನೆಯ ಹೊತ್ತಿಗೆ ಬದಲಾಯಿತು. ಹೊಸ ಹೆಸರು ತೋರಿಸುವ ಟೈಟಲ್ ಕಾರ್ಡಿನಲ್ಲಿ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋಯಿತು. ಅಮೆರಿಕದ ಅಂದಿನ ಕಾನೂನಿನ ಪ್ರಕಾರ ಅದು ಎಲ್ಲರ ಸ್ವತ್ತಾಯಿತು. ನಿರ್ದೇಶಕ ಜಾರ್ಜ್ ರೊಮೆರೊ ತಂಡಕ್ಕೆ ಆದ ನಷ್ಟ ನೆನೆದರೆ ಬೇಜಾರಾಗುತ್ತದೆ, ಆದರೆ ಅದರಿಂದಲೇ ಅದು ಎಲ್ಲ ಕಡೆ ಹರಡಿತು. 1922ರ ಮೂಕಿ ಚಿತ್ರ 'ನೊಸ್ಫೆರಾಟು' ಕೂಡ ಹಾಗೇ ಉಚಿತವಾಗಿ ಸಿಗುತ್ತದೆ. ಡ್ರಾಕುಲಾ ಬರೆದ ಬ್ರಾಮ್ ಸ್ಟೋಕರ್ ಅವರ ಹೆಂಡತಿ, ಅನುಮತಿ ಇಲ್ಲದೆ ಆ ಕಥೆ ಬಳಸಿದ್ದಕ್ಕೆ ಮೊಕದ್ದಮೆ ಹೂಡಿ, ಪ್ರತಿಗಳನ್ನೆಲ್ಲ ನಾಶ ಮಾಡಬೇಕೆಂದು ಕೋರ್ಟಿನಿಂದ ಆದೇಶ ತಂದಿದ್ದರು. ಅಲ್ಲಿ ಇಲ್ಲಿ ಉಳಿದ ಪ್ರತಿಗಳಿಂದ ಅದು ನಮ್ಮ ತನಕ ಬಂತು. ಮೆಟ್ಟಿಲ ಪಕ್ಕದ ಗೋಡೆ ಮೇಲೆ ಏರುವ ಆ ನೆರಳನ್ನು ನೋಡಿ. ನೂರು ವರ್ಷ ದಾಟಿದ ನೆರಳು, ಈಗಲೂ ಕೆಲಸ ಮಾಡುತ್ತದೆ.

ಹಾಗಾದರೆ ಯಾರಿಗೆ ಯಾವುದು? ಮನೆಯಲ್ಲಿ ಕಿಟಕಿಯಿಲ್ಲದ ಕೋಣೆ, ಏಸಿ, ಬಿಳಿ ಗೋಡೆ, ಜೊತೆಗೆ ಒಳ್ಳೆಯ ಪ್ರೊಜೆಕ್ಟರಿಗೆ ಹಾಕುವಷ್ಟು ದುಡ್ಡು ಇದ್ದವರು ಪ್ರೊಜೆಕ್ಟರ್ ತನ್ನಿ, ನನಗೂ ಕರೆಯಿರಿ. ಜನರ ಜೊತೆ ಕಿರುಚಬೇಕು ಅನ್ನುವವರು ಥಿಯೇಟರಿಗೆ ಹೋಗಿ. ನನ್ನಂತೆ ಸಣ್ಣ ಮನೆ, ಬೆಳಿಗ್ಗೆ ಬೇಗ ಹಿಡಿಯಬೇಕಾದ ಟ್ರೇನು, ಪಕ್ಕದ ಕೋಣೆಯಲ್ಲಿ ಮಲಗಿರುವ ಹಿರಿಯರು ಇದ್ದರೆ ಹೊಸ ಪರದೆಗೆ ದುಡ್ಡು ಸುರಿಯಬೇಡಿ, ಕಿವಿಗೆ ಸುರಿಯಿರಿ. ತಮ್ಮನ ಪ್ರೊಜೆಕ್ಟರನ್ನು ಅವನು ದೀಪಾವಳಿಯ ಭಾಯಿದೂಜ್‌ಗೆ ಬಂದಾಗ ವಾಪಸ್ ಕೊಟ್ಟುಕಳಿಸಿದೆ, ಅವನ ಮಕ್ಕಳು ಅದರಲ್ಲಿ ಕಾರ್ಟೂನ್ ನೋಡುತ್ತಾ ಖುಷಿಯಾಗಿದ್ದಾರೆ.

ಎಕ್ಸ್‌ಟೆನ್ಷನ್ ವೈರ್ ತರುವ ಮುಂಚೆ ಟಿವಿಯಿಂದ ಸೋಫಾಕ್ಕೆ ನೇರ ಅಳೆಯಬೇಡಿ. ಗೋಡೆಯ ಬುಡದಲ್ಲೇ ಸುತ್ತಿ ಬರುವ ದಾರಿಯನ್ನು ಅಳೆದು, ಮೇಲೊಂದು ಮೀಟರ್ ಜಾಸ್ತಿ ತನ್ನಿ. ರಾತ್ರಿ ನೀರು ಕುಡಿಯಲು ಎದ್ದುಬರುವ ಅತ್ತೆಯ ಕಾಲಿಗೆ ವೈರ್ ಸಿಕ್ಕಬಾರದು.